ಅಕ್ಕ ಹಾಕಿದ ಮೈನಸ್

ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ಅಮ್ಮನ ಮಂಡಿನೋವು ಇಳಿದಿದೆ, ನನ್ನ ಬಾಯಿ ಇಳಿದಿಲ್ಲ. ಮನೆಯ ಸಮಾಚಾರ ಇಷ್ಟೇ. ನೀನೂ ಭಾವನೂ ಚೆನ್ನಾಗಿದ್ದೀರೆಂದು ಅಮ್ಮನಿಂದ ತಿಳಿಯಿತು. ಹೊಸ ಮನೆಗೆ ಹೋದ ಮೇಲೆ ಬಸ್ ಸ್ಟಾಪು ದೂರವಾಯಿತಂತೆ, ಆದರೂ ಆಫೀಸಿಗೆ ಒಬ್ಬಳೇ ಹೋಗಿ ಬರುತ್ತೀಯಂತೆ. 'ಹುಷಾರು' ಎಂದು ಬರೆದು ಅಳಿಸಿದೆ. ಈಗೀಗ ಪ್ರತಿ ಪದವನ್ನೂ ತಿರುಗಿಸಿ ನೋಡಿ ಬರೆಯುವ ಹಾಗಾಗಿದೆ.

ತಡವಾಗಿದ್ದಕ್ಕೆ ಕ್ಷಮಿಸು. ನಿನ್ನ ಫೋನ್ ಬಂದಾಗಲೆಲ್ಲ ಅಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಅಂಗಡಿಯಲ್ಲಿ ಕೆಲಸ ಜಾಸ್ತಿ ಎಂದು ಬರೆಯಬಹುದಿತ್ತು. ಜಾಸ್ತಿಯೂ ಇದೆ, ಶಾಲೆ ಶುರುವಾಗುವ ಸಮಯ, ಬಿಲ್ ಪುಸ್ತಕ, ಹಾಜರಿ ಪುಸ್ತಕ, ಪುಟ ಜೋಡಿಸಿ ಜೋಡಿಸಿ ಕತ್ತು ಹಿಡಿದುಕೊಂಡಿದೆ. ಆದರೆ ಅದು ಕಾರಣ ಅಲ್ಲ ಅಂತ ನಿನಗೆ ಗೊತ್ತು. ಕಾರಣ ನೀನು ಹಾಕಿದ ಮೈನಸ್.

ಕೈಯಲ್ಲಿ ಬರೆದರೆ ಭಾವ ಓದಿ ಹೇಳಬೇಕಾಗುತ್ತದೆ. ಭಾವ ಒಳ್ಳೆಯವರೇ, ಆದರೆ ಈ ಮಾತುಗಳು ಅವರ ಬಾಯಲ್ಲಿ ನಿನಗೆ ತಲುಪುವುದು ಬೇಡ. ಅದಕ್ಕೇ ಟೈಪ್ ಮಾಡುತ್ತಿದ್ದೇನೆ. ನಿನ್ನ ಕಂಪ್ಯೂಟರಿನಲ್ಲಿರುವ ನಮ್ಮ ತಗಡು ದನಿಯೇ ಓದಲಿ. ಅದಕ್ಕೆ ನನ್ನ ಮೇಲೂ ಕೋಪವಿಲ್ಲ, ನಿನ್ನ ಮೇಲೂ ಕೋಪವಿಲ್ಲ.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಸಿಟ್ಟು ಬಂದಾಗ ಮೊದಲಿನಿಂದ ಶುರು ಮಾಡುವುದು ನನ್ನ ಚಾಳಿ. ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ಒಂದು ಸಾಫ್ಟ್‌ವೇರನ್ನು ನಾವೆಲ್ಲ ಸೇರಿ ಮಾಡುತ್ತಿದ್ದೇವೆ. ಯಾರಿಗೂ ಸಂಬಳವಿಲ್ಲ. ಯಾರು ಬೇಕಾದರೂ ಒಳಗೆ ನೋಡಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರು ಬೇಕಾದರೂ ಒಯ್ಯಬಹುದು. ಮುಕ್ತ ತಂತ್ರಾಂಶ ಎಂದು ನಾವು ಎದೆ ತಟ್ಟಿಕೊಳ್ಳುವುದು ಇದಕ್ಕೇ. ಆದರೆ ಅದರಲ್ಲಿ ಏನಿರಬೇಕು, ಏನು ಹೋಗಬೇಕು ಎಂದು ತೀರ್ಮಾನಿಸುವಾಗ ಮತ ಇರುವುದು ಯಾರಿಗೆ? ಕೋಡ್ ಬರೆದು, ಅದು ಒಪ್ಪಿಗೆಯಾಗಿ ಒಳಗೆ ಸೇರಿದವರಿಗೆ ಮಾತ್ರ. ಅವರಲ್ಲಿ ನೀನೊಬ್ಬಳನ್ನು ಬಿಟ್ಟರೆ ಎಲ್ಲರಿಗೂ ಕಣ್ಣಿದೆ. ದಿನವಿಡೀ ಅದನ್ನೇ ಕಿವಿಗೆ ಹಚ್ಚಿಕೊಂಡು ಬದುಕುವವರು, ತಪ್ಪು ಹುಡುಕಿ ಕೊಡುವವರು, ಹೊಸಬರಿಗೆ ಫೋನಿನಲ್ಲಿ ಕಲಿಸುವವರು, ಇವರಿಗೆ ಒಂದು ಮತವೂ ಇಲ್ಲ. ಯಾರು ಬೇಕಾದರೂ ಒಳಗೆ ಬರಬಹುದಾದ ಮನೆ ಅದು, ಆದರೆ ಬಂದವರೆಲ್ಲ ಕೂರುವಂತಿಲ್ಲ.

ನಾನು ಓದಿದ್ದೆಲ್ಲ ಫುಟ್‌ಪಾತಿನ ಕಿರುಹೊತ್ತಿಗೆಗಳಲ್ಲಿ. ನಡುವೆ ಎರಡು ಪಿನ್, ಮೇಲೆ ಕೆಂಪೋ ನೀಲಿಯೋ ರಟ್ಟು, ಬರೆದವರ ಹೆಸರೂ ಇರುವುದಿಲ್ಲ. ನನಗೆ ಪಟಾಕಿ ಎಂದು ಹೆಸರಿಟ್ಟವಳು ನೀನು, ನಗುತ್ತಿದ್ದೆ, 'ಪಟಾಕಿಗೆ ಮದ್ದು ಅಲ್ಲಿಂದ ಬರೋದು' ಎಂದು. ನಗು. ಆ ಹೊತ್ತಿಗೆಗಳಿಂದ ನಾನು ಕಲಿತದ್ದು ಒಂದೇ ಮಾತು: ತೀರ್ಮಾನ ಯಾರ ಬದುಕಿನ ಮೇಲೆ ಬೀಳುತ್ತದೋ ಅವರ ಕೈ ಆ ತೀರ್ಮಾನದಲ್ಲಿ ಇರಲೇಬೇಕು. ಇದನ್ನು ಬಿಟ್ಟುಕೊಟ್ಟರೆ ನನ್ನ ಹತ್ತಿರ ಬೇರೇನೂ ಉಳಿಯುವುದಿಲ್ಲ.

ಅಷ್ಟರಲ್ಲಿ ಬಂತಲ್ಲ ಆ ಜೇನು ದನಿ. ಹೊಸ ದನಿ, ಮನುಷ್ಯರ ಹಾಗೇ ಉಸಿರೆಳೆದುಕೊಂಡು ಮಾತಾಡುತ್ತದೆ. ಕೋಡ್ ಬರೆಯುವವರಿಗೆಲ್ಲ ಅದರ ಮೇಲೆ ಮೋಹ. ಹಳೆಯ ತಗಡು ದನಿಯನ್ನು ಮುಂದಿನ ಆವೃತ್ತಿಯಿಂದ ತೆಗೆದುಹಾಕೋಣ, ಎರಡೆರಡನ್ನು ಸಾಕುವುದು ಕಷ್ಟ ಎಂದು ಯಜಮಾನರು ಬರೆದರು. (ಅವರನ್ನು ಯಜಮಾನರು ಎಂದು ಕರೆಯುವುದನ್ನು ಶುರು ಮಾಡಿದವಳು ನೀನೇ. ಯೋಜನೆ ಹುಟ್ಟುಹಾಕಿದವರು, ನೀರು ಸರಬರಾಜು ಕಚೇರಿಯ ಎಂಜಿನಿಯರು, ನಲ್ಲಿ ತಿರುಗಿಸುವ ಹಾಗೇ ನಮ್ಮನ್ನೂ ತಿರುಗಿಸುತ್ತಾರೆ ಎಂದಿದ್ದೆ.) ತಿಂಗಳ ಸಭೆಯಲ್ಲಿ ಎಲ್ಲರೂ ಫೋನ್ ಲೈನಿನಲ್ಲಿದ್ದರು. ನೀನು ಮನೆ ಬದಲಿಸುವ ಗಡಿಬಿಡಿಯಲ್ಲಿ ಬರಲಿಲ್ಲ. ಅವತ್ತು ಎಕ್ಸ್‌ಚೇಂಜ್ ಅಮ್ಮ, ಅದೇ ಟೆಲಿಫೋನ್ ಆಪರೇಟರ್, ಆಡಿದ ಮಾತು ನೀನು ಕೇಳಬೇಕಿತ್ತು.

"ಆ ಹುಡುಗಿ ದನಿ ಚೆನ್ನಾಗಿದೆ ಕಣ್ರೀ, ಮನೆ ಮಗಳು ಮಾಡ್ಕೋಬಹುದು. ಆದ್ರೆ ಫೋನ್ ನಂಬರ್ ಓದಮ್ಮ ಅಂದ್ರೆ ಜೋಗುಳ ಹಾಡ್ತಾಳೆ. ಅವಳು ಹಾಡಿ ಮುಗಿಸೋ ಹೊತ್ತಿಗೆ ನನ್ನ ಲೈನು ಕಟ್. ಜೋರಾಗಿ ಓಡು ಅಂದ್ರೆ ಬಾಯಲ್ಲಿ ಏನೋ ಇಟ್ಕೊಂಡೋರ ಥರ ಮಾಡ್ತಾಳೆ. ನನ್ನ ತಗಡು ಮುಂಡೇದು ಎಷ್ಟು ಓಡಿಸಿದ್ರೂ ಒಂದಕ್ಷರ ನುಂಗಲ್ಲ."

ಯಜಮಾನರು ಅವರ ಮಾಮೂಲಿ ಧಾಟಿಯಲ್ಲಿ, "ಅಮ್ಮಾ, ಅಡುಗೆ ಮಾಡೋರು ಉಪ್ಪು ಹಾಕ್ತಾರೆ. ಉಣ್ಣೋರೆಲ್ಲ ಒಲೆ ಹತ್ರ ಬಂದು ನಿಂತ್ರೆ ಅಡುಗೆ ಆಗುತ್ತಾ?" ಎಂದರು.

ನಮ್ಮ ಟೆಸ್ಟರ್‌ಗಳ ಪೈಕಿ ವಕೀಲರಿದ್ದಾರಲ್ಲ, ಅವರು ಬಿಡುತ್ತಾರೆಯೇ? "ಉಪ್ಪು ಜಾಸ್ತಿ ಆಯ್ತು ಅಂತ ಹೇಳೋಕೂ ನಾನು ಮೊದಲು ಒಲೆ ಕಟ್ಟಬೇಕಾ ಸ್ವಾಮಿ?"

ನನಗೆ ತಡೆಯಲಾಗಲಿಲ್ಲ. ಮಧ್ಯೆ ಬಾಯಿ ಹಾಕಿ, "ನೋಡಿ, ಅವರಿಗೆ ನಿಜವಾಗಿ ಏನು ಬೇಕು ಅಂದ್ರೆ" ಎಂದು ಶುರು ಮಾಡಿದೆ.

"ತಂಗೀ," ಅಂದರು ವಕೀಲರು, "ನಮಗೆ ಹೋಗಿರೋದು ಕಣ್ಣು. ಬಾಯಿ ಗಟ್ಟಿಯಾಗೇ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಮತ್ತೆ ಅಲ್ಲಿಂದಲೇ ಮುಂದುವರಿಸಿದೆ. ಆ ಸಂಜೆಯೇ ಪ್ರಸ್ತಾಪ ಬರೆದು ಹಾಕಿದೆ: ಈ ಸಾಫ್ಟ್‌ವೇರನ್ನು ನಿತ್ಯ ಬಳಸುವ, ಹೆಸರು ನೋಂದಾಯಿಸಿದ ಪ್ರತಿಯೊಬ್ಬ ಅಂಧರಿಗೂ ಒಂದು ಮತ. ಮೊದಲು ಇದು ತೀರ್ಮಾನವಾಗಲಿ, ಆಮೇಲೆ ತಗಡು ದನಿಯ ವಿಷಯಕ್ಕೆ ಬರೋಣ ಎಂದೂ ಸೇರಿಸಿದೆ. ಇದು ಬಿದ್ದುಹೋದರೆ ತಗಡು ದನಿಯೂ ಹೋದಂತೆಯೇ. ಕಣ್ಣಿರುವವರ ಬಹುಮತ ಅದನ್ನು ಒಂದೇ ದಿನದಲ್ಲಿ ಎತ್ತಿ ಹೊರಗಿಡುತ್ತದೆ.

ಜೂನ್ ೧೫, ಸೋಮವಾರ, ಅಂಗಡಿಯಿಂದ

ನಿನ್ನೆ ಅಲ್ಲಿಗೇ ನಿಲ್ಲಿಸಬೇಕಾಯಿತು. ಅಮ್ಮ ಬಂದು ಹಿಂದೆ ನಿಂತಿದ್ದಳು.

"ಏನೇ ಅದು, ಕರೆದು ಕರೆದು ಗಂಟಲು ಹೋಯ್ತು."

"ಅಕ್ಕ ನನ್ನ ಪ್ರಸ್ತಾಪಕ್ಕೆ ಮೈನಸ್ ಹಾಕಿದ್ದಾಳಮ್ಮ."

"ಮೈನಸ್ ಅಂದ್ರೆ?"

"ಬೇಡ ಅಂತ."

"ಬೇಡ ಅಂದ್ರೆ ಬಿಡು. ಅವಳು ಸಣ್ಣೋಳಿದ್ದಾಗಲೂ ಸಾಕು ಸಾಕು ಅಂತ ತಟ್ಟೆ ಮೇಲೆ ಕೈ ಅಡ್ಡ ಹಿಡೀತಿದ್ಲು, ನೀನು ಬೆರಳ ಸಂದಿಯಿಂದ ಬಡಿಸ್ತಿದ್ದೆ."

"ಅಮ್ಮಾ, ಇದು ಊಟ ಅಲ್ಲ. ಮತದ ಹಕ್ಕು."

"ಎಲೆಕ್ಷನ್ನಾ? ಅಕ್ಕನ ಎದುರಿಗೆ ನಿಂತಿದೀಯಾ? ನಾನಿನ್ನೂ ಬದುಕಿದೀನಿ ಕಣೇ!"

ಅವಳಿಗೆ ಅರ್ಥ ಮಾಡಿಸುವ ಹೊತ್ತಿಗೆ ಊಟ ಆರಿತ್ತು. ಅರ್ಥವಾದ ಮೇಲೂ ಅವಳು ನಿನ್ನ ಪಕ್ಷವೇ.

ಈಗ ಧಣಿ ಬ್ಯಾಂಕಿಗೆ ಹೋಗಿದ್ದಾರೆ, ಲ್ಯಾಮಿನೇಷನ್ ಮಷೀನ್ ಕಾಯುತ್ತಿದೆ, ನಾನು ಬರೆಯುತ್ತಿದ್ದೇನೆ. ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬೆಳಿಗ್ಗೆ ಒಂದು ಹಾಜರಿ ಪುಸ್ತಕದಲ್ಲಿ ತಿಂಗಳನ್ನೇ ತಲೆಕೆಳಗಾಗಿ ಜೋಡಿಸಿ ಬೈಸಿಕೊಂಡೆ.

ಬೇಕು ಎನ್ನುವ ಆ ಪ್ಲಸ್‌ಗಳು ನನಗೆ ಹೇಗೆ ಸಿಕ್ಕವು ಎಂಬುದನ್ನು ನೀನು ಚರ್ಚೆಯ ಪುಟದಲ್ಲಿ ಓದಿರುತ್ತೀಯ, ಆದರೂ ನನ್ನ ಬಾಯಿಂದ ಕೇಳು. ವಾದ ಮಾಡಿದರೆ ಯಾರೂ ಅಲ್ಲಾಡಲಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ಮತ ಇರುವ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆದೆ: ನಿಮ್ಮ ಕಂಪ್ಯೂಟರಿನ ಪರದೆ ಆರಿಸಿ, ಮೌಸನ್ನು ಡ್ರಾಯರಿಗೆ ಹಾಕಿ, ನಾವೇ ಮಾಡಿದ ಸಾಫ್ಟ್‌ವೇರಿನ ಜೇನು ದನಿ ಕೇಳಿಕೊಂಡು ಒಂದು ರೈಲು ಟಿಕೆಟ್ ಬುಕ್ ಮಾಡಿ ತೋರಿಸಿ. ಆಮೇಲೆ ಮತ ಹಾಕಿ. ಮೊದಲು ತಮಾಷೆಯಾಯಿತು. ಒಬ್ಬಾತ, 'ನಾನು ಟಿಕೆಟ್ ತಗೊಳ್ಳೋದೇ ಇಲ್ಲ' ಎಂದು ಬರೆದ. ಆದರೆ ಒಬ್ಬೊಬ್ಬರಾಗಿ ಮಾಡಿದರು. ಮಾಡಿದವರೆಲ್ಲ ಪ್ಲಸ್ ಹಾಕಿದರು.

ಯಜಮಾನರೇ ನನಗೆ ಫೋನ್ ಮಾಡಿದರು. "ನನ್ನ ಕೈಯಾರೆ ಮಾಡಿದ ಪ್ರೋಗ್ರಾಮಿನಲ್ಲೇ ನನಗೆ ಬಾಗಿಲು ಸಿಗಲಿಲ್ಲಮ್ಮ. ಎದೆ ಹೊಡ್ಕೊಳ್ಳೋಕೆ ಶುರುವಾಯ್ತು, ಪರದೆ ಹಾಕಿಬಿಟ್ಟೆ. ನೀನು ಹೇಳಿದ್ದು ಸರಿ. ಪಾಪ, ಇವರು ಹೇಗಪ್ಪಾ ದಿನಾ..." ಎಂದರು. ಅವರು ಹಾಕಿದ ಪ್ಲಸ್ ನೋಡಿ ನಾನು ಅಂಗಡಿಯಲ್ಲೇ ಒಂದು ಸುತ್ತು ಕುಣಿದೆ. ಧಣಿ, "ಏನಮ್ಮಾ, ಕರೆಂಟ್ ಹೊಡೀತಾ?" ಎಂದರು.

ನಿಯಮ ಬದಲಿಸುವ ಪ್ರಸ್ತಾಪಕ್ಕೆ ಬೇರೆ ಕಟ್ಟಳೆ ಇದೆಯಲ್ಲ. ಮಾಮೂಲಿ ತೀರ್ಮಾನಕ್ಕೆ ಬಹುಮತ ಸಾಕು. ನಿಯಮವನ್ನೇ ತಿದ್ದುವಾಗ ಮಾತ್ರ, ಕಾರಣ ಕೊಟ್ಟು ಹಾಕಿದ ಒಂದೇ ಒಂದು ಮೈನಸ್ ಇದ್ದರೂ ಅದು ನಿಂತುಬಿಡುತ್ತದೆ. ಹಾಕಿದವರೇ ತೆಗೆಯಬೇಕು. ಹೋದ ವರ್ಷ ಈ ಕಟ್ಟಳೆಗಾಗಿ ಹೋರಾಡಿದವಳು ನಾನೇ. ಒಂಟಿ ದನಿಯನ್ನು ಗುಂಪು ತುಳಿಯಬಾರದು ಎಂದು ಎಷ್ಟು ಬರೆದಿದ್ದೆ! ನೀನು ಆಗ ಪ್ಲಸ್ ಹಾಕಿ ಕೆಳಗೆ ಬರೆದಿದ್ದೆ: 'ತಂಗಿಗೆ ಇದು ಒಂದಿನ ಕಚ್ಚುತ್ತೆ.' ತಮಾಷೆ ಎಂದುಕೊಂಡಿದ್ದೆ.

ಎಲ್ಲರ ಮತ ಬಂದಿತ್ತು, ನಿನ್ನದೊಂದು ಬಾಕಿ. ನಿನ್ನದರ ಬಗ್ಗೆ ನಾನು ಯೋಚಿಸಲೇ ಇಲ್ಲ. ಇದು ನಿಜ ಅಕ್ಕ, ಮುಚ್ಚಿಡುವುದಿಲ್ಲ. ಉಳಿದ ಎಲ್ಲರಿಗೂ ಬರೆದೆ, ನಿನಗೆ ಬರೆಯಲಿಲ್ಲ. ಯಾಕೆ ಬರೆಯಬೇಕು? ನಮ್ಮಕ್ಕ ತಾನೆ ಎಂದುಕೊಂಡೆ.

ಮೈನಸ್ ಬಂತು. ಕೆಳಗೆ ನಿನ್ನ ಕಾರಣ. ಮೊದಲ ಮಾತು: ಮತಕ್ಕೆ ಬಾಗಿಲು ಕೆಲಸವಾಗಲಿ, ಕುರುಡುತನವಾಗುವುದು ಬೇಡ, ಟೆಸ್ಟಿಂಗೂ ಕೆಲಸವೇ, ಕಲಿಸುವುದೂ ಕೆಲಸವೇ, ಅದನ್ನು ಕೋಡಿಗೆ ಸಮನಾಗಿ ಎಣಿಸಿ, ಕಣ್ಣಿರಲಿ ಇಲ್ಲದಿರಲಿ ಮತ ಕೊಡಿ. ಎರಡನೆಯದು: ಪರದೆ ಆರಿಸಿ ಹೆದರಿಕೊಂಡವರು ಕೊಡುವುದು ಮತವಲ್ಲ, ಭಿಕ್ಷೆ. ಅದರ ಕೆಳಗೆ ಕೊನೆಯ ಸಾಲು ಇನ್ನೊಂದಿದೆ, ಅದನ್ನು ಈಗ ಬರೆಯಲಾರೆ.

ನಾನು ಓದಿ, ಮತ್ತೆ ಓದಿ, ಸೀದಾ ಅಂಗಡಿಯಿಂದ ಹೊರಗೆ ನಡೆದೆ. ರಸ್ತೆ ಕೊನೆಯ ಚಪ್ಪಲಿ ಹೊಲಿಯುವವರ ತನಕ ಹೋಗಿ, ಅಲ್ಲಿ ಏನೂ ಕೆಲಸವಿಲ್ಲದ್ದರಿಂದ ವಾಪಸು ಬಂದೆ.

ಸರಿ, ಉತ್ತರ ಕೊಡುತ್ತೇನೆ. ನೀನು ಹೇಳುವುದು ಕೇಳಲು ನೇರವಾಗಿದೆ: ದುಡಿದವರಿಗೆ ಮಾತು. ಆದರೆ ಸಂಬಳವಿಲ್ಲದ ಕೆಲಸಕ್ಕೆ ಬಿಡುವೇ ಬಂಡವಾಳ ಅಕ್ಕ. ಬಿಡುವು ಯಾರಿಗಿದೆ? ಸಂಜೆ ಐದಕ್ಕೆ ಆಫೀಸು ಮುಗಿಯುವವರಿಗೆ ಇದೆ. ಮೂರು ಮನೆಯ ಕೆಲಸ ಮುಗಿಸಿ ಬಂದು, ಮಗುವಿನ ಶಾಲೆಯಿಂದ ಬಂದ ಸಂದೇಶವನ್ನು ತಗಡು ದನಿಯಲ್ಲಿ ಕೇಳಿಸಿಕೊಂಡು ಮಲಗುವವಳಿಗೆ ಇದೆಯೇ? ಆಕೆ ಒಂದು ತಪ್ಪೂ ಹುಡುಕಿ ಕೊಟ್ಟಿಲ್ಲ, ಒಬ್ಬರಿಗೂ ಕಲಿಸಿಲ್ಲ. ನಾಳೆ ಆ ದನಿ ಹೋದರೆ ಮೊದಲು ಕಿವುಡಾಗುವುದು ಅವಳ ಮನೆ. ನಿನ್ನ ಬಾಗಿಲಲ್ಲಿ ಅವಳಿಗೆ ಪ್ರವೇಶ ಎಲ್ಲಿ? ಹೊಲಿದವರು ಮಾತ್ರ ಅಂಗಿಯ ಬಗ್ಗೆ ಮಾತಾಡಬೇಕು ಎಂದರೆ ತೊಟ್ಟವರ ಕಂಕುಳು ಹರಿದದ್ದು ಯಾರಿಗೆ ತಿಳಿಯುತ್ತದೆ?

'ಕಣ್ಣಿರಲಿ ಇಲ್ಲದಿರಲಿ' ಎಂದೆಯಲ್ಲ, ಅದನ್ನು ಒಪ್ಪುತ್ತೇನೆ. ಅದು ನನಗೆ ಹೊಳೆಯಬೇಕಿತ್ತು. ಕಣ್ಣಿದ್ದೂ ಓದಲು ಬಾರದವರು, ಅಕ್ಷರ ಕಲೆಸಿದಂತೆ ಕಾಣುವವರು ಇದನ್ನು ಬಳಸುತ್ತಾರೆ, ಅವರನ್ನು ನಾನು ಹೊರಗಿಟ್ಟಿದ್ದೆ. ಆ ಪದ ತಿದ್ದುತ್ತೇನೆ. ಭಿಕ್ಷೆ ಎಂದೆಯಲ್ಲ, ಅದನ್ನು ಒಪ್ಪುವುದಿಲ್ಲ. ಹಕ್ಕು ಸಿಗುವುದು ಮುಖ್ಯ, ಕೊಡುವವರ ಎದೆಯಲ್ಲಿ ಏನಿತ್ತು ಎಂದು ಬಗೆದು ನೋಡುತ್ತಾ ಕೂತರೆ ಈ ಲೋಕದಲ್ಲಿ ಯಾರಿಗೂ ಏನೂ ಸಿಗುವುದಿಲ್ಲ.

ಧಣಿ ಬಂದರು.

ಜೂನ್ ೧೬, ಮಂಗಳವಾರ ಸಂಜೆ, ಮನೆಯಿಂದ

ನಿನ್ನೆ ನಾನೊಂದು ಕೆಲಸ ಮಾಡಿದೆ, ನಿನಗೆ ಬೇರೆಯವರಿಂದ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ಮೇಲು. ವಕೀಲರಿಗೆ ಫೋನ್ ಮಾಡಿದೆ. ಟೆಸ್ಟರ್‌ಗಳೆಲ್ಲ ಸೇರಿ ನಿನಗೊಂದು ಮನವಿ ಬರೆಯಲಿ, ಮೈನಸ್ ತೆಗೆಯಿರಿ ಎಂದು ಕೇಳಲಿ, ನಿಮ್ಮ ಹಕ್ಕಿನ ಪ್ರಶ್ನೆ ಅಲ್ಲವೇ ಎಂದೆ.

"ಮನವಿ ಯಾರು ಬರೀತಾರೆ?" ಅಂದರು.

"ನಾನು ಬರೆದುಕೊಡ್ತೀನಿ ಸರ್. ನೀವು ಹೆಸರು ಹಾಕಿದ್ರೆ ಸಾಕು."

"ತಂಗೀ, ನನ್ನ ಕಕ್ಷಿದಾರರಿಗೆ ನಾನು ಹೀಗೇ ಹೇಳೋದು. ಅದಕ್ಕೆ ನಾನು ಫೀಸು ತಗೋತೀನಿ" ಎಂದರು. ನಗುತ್ತಲೇ ಅಂದದ್ದು.

"ಹಾಗಾದ್ರೆ ನಿಮಗೆ ಮತ ಬೇಡವಾ?"

"ಬೇಕು. ಯಾಕೆ ಬೇಡ? ಎಕ್ಸ್‌ಚೇಂಜ್ ಅಮ್ಮಂಗೂ ಬೇಕು. ಅವರು ನಿನ್ನ ಪ್ರಸ್ತಾಪಾನೇ ಸರಿ ಅಂತಾರೆ, ನಾನು ನಿನ್ನ ಅಕ್ಕ ಹೇಳೋದು ಸರಿ ಅಂತೀನಿ. ನಾವಿಬ್ರೂ ಮೊನ್ನೆಯಿಂದ ಇದೇ ಜಗಳ ಆಡ್ತಿದೀವಿ. ಮಜವಾಗಿದೆ. ನೀನು ಮನವಿ ತಂದು ನಮ್ಮ ಜಗಳ ಕೆಡಿಸಬೇಡ."

"ಸರ್, ತಿಂಗಳ ಕೊನೆಗೆ ಪ್ರಸ್ತಾಪ ಬಿದ್ದುಹೋಗುತ್ತೆ. ತಗಡು ದನಿ ಹೋಗುತ್ತೆ."

"ಅದು ನನಗೂ ಹೊಟ್ಟೆ ಉರಿಯೋ ವಿಷಯವೇ. ಆದ್ರೆ ಅಕ್ಕತಂಗೀರ ವ್ಯಾಜ್ಯಕ್ಕೆ ನಾನು ಸಾಕ್ಷಿ ಬರಲ್ಲ. ಅವಳು ಬರೆದಿರೋ ಕೊನೇ ಸಾಲಿಗೆ ಉತ್ತರ ಕೊಡಬೇಕಾದವಳು ನೀನು."

ಫೋನ್ ಇಟ್ಟೆ. ಹೋರಾಟ ಯಾರಿಗಾಗಿಯೋ ಅವರೇ ಅದನ್ನು ಮಜವಾಗಿದೆ ಎನ್ನುತ್ತಾರೆ! ಯಾವ ಹೊತ್ತಿಗೆಯಲ್ಲೂ ಇದಕ್ಕೆ ಪರಿಹಾರ ಬರೆದಿಲ್ಲ.

ಅದಕ್ಕಿಂತ ದೊಡ್ಡದು ಇವತ್ತು ನಡೆಯಿತು. ಮಧ್ಯಾಹ್ನ ಯಜಮಾನರ ಫೋನು.

"ನಿಮ್ಮಕ್ಕ ಹಾಕಿದಾಳಲ್ಲ ಮೈನಸ್, ಅದನ್ನ ತೆಗೆದುಹಾಕೋಕೆ ದಾರಿ ಇದೆಯಮ್ಮ," ಎಂದರು. "ಮೈನಸ್ಸಿಗೆ ಕೊಡೋ ಕಾರಣ ವಿಷಯದ ಮೇಲಿರಬೇಕು, ವ್ಯಕ್ತಿಯ ಮೇಲಿರಬಾರದು. ನಾನೇ ಸೇರಿಸಿದ ಮಾತು ಅದು. ಅವಳ ಕೊನೇ ಸಾಲು ನಿನ್ನ ಮೇಲೇ ಇದೆ. ನೀನೊಂದು ದೂರು ಕೊಡು. 'ಈ ಸಾಲು ವೈಯಕ್ತಿಕ, ಇದಕ್ಕೆ ಆಧಾರ ಇಲ್ಲ' ಅಂತ ಎರಡೇ ಮಾತು. ನಾನು ಆ ಮೈನಸ್ ಊರ್ಜಿತ ಅಲ್ಲ ಅಂತ ತೀರ್ಪು ಕೊಟ್ಟುಬಿಡ್ತೀನಿ. ನಿನ್ನ ಪ್ರಸ್ತಾಪ ಪಾಸು."

"ಮೊದಲ ಎರಡು ಮಾತು ವಿಷಯದ ಮೇಲೇ ಇವೆಯಲ್ಲ ಸರ್?"

"ಒಂದು ಸಾಲು ಕೆಟ್ಟರೆ ಪೂರ್ತಿ ಕಾರಣ ಕೆಟ್ಟ ಹಾಗೆ ಅಂತ ಓದಿದ್ರಾಯ್ತು. ಓದೋನು ನಾನು ತಾನೆ?"

"ಅಕ್ಕನಿಗೆ ಮತ ಇದ್ದೂ ಇಲ್ಲದ ಹಾಗೆ ಮಾಡಿ, ಬೇರೆಯವರಿಗೆ ಮತ ಕೊಡಿಸೋದಾ?"

"ಅಯ್ಯೋ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಮ್ಮ. ಒಳ್ಳೇ ಕೆಲಸ ಮಾಡೋಕೆ ಹೊರಟಿದೀಯ. ನಾನು ನಿನ್ನ ಜೊತೆಗಿದೀನಿ. ಅಷ್ಟೊಂದು ಜನಕ್ಕೆ ಮತ ಸಿಗುತ್ತೆ, ತಗಡು ಉಳಿಯುತ್ತೆ. ಅವಳಿಗೆ ನಾನು ಸಮಾಧಾನ ಹೇಳ್ತೀನಿ."

ಅಕ್ಕ, ನಿಜ ಹೇಳುತ್ತೇನೆ, ನನ್ನ ಬಾಯಿಗೆ 'ಸರಿ' ಬಂದಿತ್ತು. ಎಕ್ಸ್‌ಚೇಂಜ್ ಅಮ್ಮ ಕೆಲಸ ಉಳಿಸಿಕೊಳ್ಳುವುದು, ಹೆಸರೇ ಗೊತ್ತಿಲ್ಲದ ಎಷ್ಟೋ ಜನ ಮೊದಲ ಸಲ ಮತ ಹಾಕುವುದು, ಎಲ್ಲ ಕಣ್ಣ ಮುಂದೆ ಬಂತು. ಎರಡು ಸಾಲು ಟೈಪ್ ಮಾಡಿದರೆ ಸಾಕು. ನನಗೂ ಗೆಲ್ಲುವ ಆಸೆ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

ಸಂಜೆ ತಿಳಿಸುತ್ತೇನೆ ಎಂದೆ. ಅಂಗಡಿಯಿಂದ ಬಸ್ಸು ಹತ್ತದೆ ನಡೆದೇ ಬಂದೆ. ನಡೆಯುತ್ತಾ ದೂರಿನ ಎರಡು ಸಾಲನ್ನು ಮನಸ್ಸಿನಲ್ಲೇ ಬರೆದೆ, ಚೆನ್ನಾಗಿಯೇ ಬಂತು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತೆ. 'ಈ ಸಾಲು ವೈಯಕ್ತಿಕ' ಎಂದು ಬರೆದೆ. 'ಇದಕ್ಕೆ ಆಧಾರ ಇಲ್ಲ' ಎಂಬುದರ ಹತ್ತಿರ ಬಂದು ಕೈ ನಿಂತುಬಿಟ್ಟಿತು. ಅಮ್ಮ ಬಾಗಿಲಲ್ಲಿ ನಿಂತು, "ದೀಪ ಹಾಕ್ಕೊಳ್ಳೇ, ಕಣ್ಣು ಹಾಳಾಗುತ್ತೆ" ಎಂದಳು. ನಾನು ಅಳಿಸಿಬಿಟ್ಟೆ.

ಯಜಮಾನರಿಗೆ ಬರೆದು ಕಳಿಸಿದ್ದು ಇಷ್ಟು: "ದೂರು ಇಲ್ಲ. ಮೈನಸ್ ಊರ್ಜಿತ. ಕಾರಣದಲ್ಲಿ ವಿಷಯ ಇದೆ. ನಿಯಮವನ್ನು ಓದುವ ಅಧಿಕಾರ ನಿಮ್ಮೊಬ್ಬರಿಗೇ ಇರುವುದು ಮುಂದಿನ ಜಗಳ, ಸಿದ್ಧವಾಗಿರಿ." ಚರ್ಚೆಯ ಪುಟದಲ್ಲೂ ಅದನ್ನೇ ಹಾಕಿದ್ದೇನೆ, ಯಾರೂ ನನ್ನ ಹೆಸರಿನಲ್ಲಿ ನಿನ್ನ ಮತವನ್ನು ಮುಟ್ಟದಿರಲಿ ಎಂದು. ಅವರ ಉತ್ತರ ಬಂತು: "ಹಠಮಾರಿ. ಇಬ್ಬರೂ."

ಹಾಗಾಗಿ ನಿನ್ನ ಮೈನಸ್ ಅಲ್ಲೇ ಇದೆ. ತೆಗೆ ಎಂದು ನಾನು ಕೇಳುವುದಿಲ್ಲ. ತೆಗೆಯದಿದ್ದರೆ ತಿಂಗಳ ಕೊನೆಗೆ ನನ್ನ ಪ್ರಸ್ತಾಪ ಬೀಳುತ್ತದೆ. ಬಿದ್ದರೆ ನಿನ್ನದನ್ನು ನೀನು ತರಬೇಕು: ಕೆಲಸದ ಬಾಗಿಲು, ಕಣ್ಣಿರಲಿ ಇಲ್ಲದಿರಲಿ. ತಂದರೆ ನಾನು ಎದ್ದು ನಿಂತು ವಾದ ಮಾಡುತ್ತೇನೆ, ಆ ಮೂರು ಮನೆ ಕೆಲಸದವಳ ಪರವಾಗಿ. ಅಲ್ಲ, ಅವಳ ಪರವಾಗಿ ಬೇಡ. ಅವಳನ್ನು ಕೇಳಿಕೊಂಡು ಬರುತ್ತೇನೆ. ಅವಳ ಮನೆ ನಮ್ಮ ಅಂಗಡಿಯ ಹಿಂದಿನ ಬೀದಿಯಲ್ಲೇ ಇದೆ, ಇಷ್ಟು ದಿನ ಹೋಗಿ ಕೇಳಲು ನನಗೆ ತೋಚಿರಲಿಲ್ಲ. ತಗಡು ದನಿಯ ಮತದಾನ ಬಂದಾಗ ಮಾತ್ರ ನೀನೇ ಮೊದಲು ಮಾತಾಡು. ಎರಡು ದನಿ ಸಾಕಲು ಎಷ್ಟು ಕೆಲಸ ಎಂದು ಅವರು ಕೇಳಿದರೆ ನೀನೇ ಉತ್ತರ ಕೊಡು. ತಗಡು ದನಿ ಅಂಕಿ ಓದುವ ಭಾಗ ಬರೆದವಳು ನೀನು, ನಿನ್ನ ಮಾತನ್ನು ಅಲ್ಲಗಳೆಯಲಾರರು. ಆ ಹಳೆಯ ಕೋಡಿನ ಉಸ್ತುವಾರಿ ನಾನು ಹೊರುತ್ತೇನೆ ಎಂದು ಈಗಲೇ ಬರೆದುಕೊಡುತ್ತೇನೆ. ಅರ್ಥವಾಗದ ಜಾಗ ಬಹಳ ಇದೆ, ನೀನು ಹೇಳಿಕೊಡಬೇಕು.

ಅಮ್ಮ ನಿನಗೂ ಭಾವನಿಗೂ ಆಶೀರ್ವಾದ ಹೇಳಿದ್ದಾಳೆ. "ಒಬ್ಬಳು ಪ್ಲಸ್ಸು ಒಬ್ಬಳು ಮೈನಸ್ಸು ಆಗಿ ನೂರು ವರ್ಷ ಬಾಳ್ರಿ, ಆದ್ರೆ ಫೋನ್ ಬಂದ್ರೆ ಎತ್ರಿ" ಅಂತ ಅವಳ ಮಾತಿನಲ್ಲೇ ಬರೆಯಬೇಕಂತೆ. ನಾನು ಚಿಕ್ಕವಳು, ಆಶೀರ್ವಾದ ಮಾಡುವ ಹಾಗಿಲ್ಲ. ನಿನ್ನ ಕಿವಿ ತಂಪಾಗಿರಲಿ, ನಿನ್ನ ದಾರಿ ನಿನ್ನದೇ ಆಗಿರಲಿ ಎಂದು ಬಯಸಬಹುದು ತಾನೆ? ನಿನ್ನ ಆಶೀರ್ವಾದ ನನಗೆ ಬೇಕು. ಈ ಸಲ ಸ್ವಲ್ಪ ಹೆಚ್ಚಾಗಿಯೇ ಬೇಕು.

ನಿನ್ನ
ಪಟಾಕಿ

ವಿ.ಸೂ.: ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದೆ. ಕೊನೆಯ ಸಾಲಿಗೆ ಉತ್ತರ ಕೊಡದೆ ಇದನ್ನು ಕಳಿಸಲಾರೆ. ನೀನು ಬರೆದದ್ದು ಇದು: 'ಪ್ರಸ್ತಾಪ ತಂದ ಸದಸ್ಯೆಗೆ ನಮ್ಮಂಥವರ ಮೇಲೆ ಕನಿಕರವಿದೆ, ನಂಬಿಕೆಯಿಲ್ಲ, ಅವಳ ಜೊತೆ ಒಂದೇ ಕೋಣೆಯಲ್ಲಿ ಬೆಳೆದು ನಾನಿದನ್ನು ಬಲ್ಲೆ.'

ಯಜಮಾನರ ದಯೆ ಬೇಡ, ನಿಯಮ ದೊಡ್ಡದು ಎಂಬ ಅರ್ಥ ಬರುವ ಹಾಗೆ ಮೇಲೆ ಬರೆದೆ. ಅದು ಸುಳ್ಳಲ್ಲ, ಆದರೆ ದೂರು ಕೊಡದೆ ಇದ್ದದ್ದಕ್ಕೆ ಕಾರಣ ಅದಲ್ಲ. ದೂರಿನಲ್ಲಿ 'ಇದಕ್ಕೆ ಆಧಾರ ಇಲ್ಲ' ಎಂದು ಬರೆಯಬೇಕಿತ್ತು. ನನಗೆ ಬರೆಯಲಾಗಲಿಲ್ಲ ಅಕ್ಕ. ಆಧಾರ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಯಾವತ್ತು? ಏನು ಮಾಡಿದೆ ನಾನು? ಬಟ್ಟೆ ಅಂಗಡಿಯವನು ನೀನು ಎದುರಿಗಿದ್ದರೂ 'ಅವರಿಗೆ ಯಾವ ಬಣ್ಣ ಕೊಡ್ಲಿ' ಎಂದು ನನ್ನನ್ನು ಕೇಳಿದ, ನಾನು ಹೇಳಿದೆ. ಅವತ್ತಾ? ಕಾಲೇಜಿಗೆ ನೀನೊಬ್ಬಳೇ ಹೋಗುತ್ತೇನೆಂದು ಹೊರಟೆ, ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದ ಹಾಗೆ ಹಿಂದೆ ಹಿಂದೆ ಬಂದೆ. ನಿನಗೆ ತಿಳಿದಿತ್ತಾ? ಭಾವ ನಿನ್ನನ್ನು ಮದುವೆಗೆ ಕೇಳಿದಾಗ 'ನಿಜವಾಗ್ಲೂ ಯೋಚಿಸಿದ್ದೀರಾ' ಎಂದು ಅವರನ್ನು ಮೂಲೆಗೆ ಕರೆದು ಕೇಳಿದೆ, ಅದು ನಿನಗೆ ಗೊತ್ತಾಯಿತಾ? ನಿನ್ನ ಮೊದಲ ಕೋಡ್ ಒಪ್ಪಿಗೆಯಾದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆನಲ್ಲ, ಅದಾ?

ಮೈನಸ್ ಇರಲಿ. ಆ ದಿನ ಯಾವುದು ಎಂದು ಮಾತ್ರ ಹೇಳು. ನೀನು ಹೇಳುವ ತನಕ ನಾವಿಬ್ಬರೂ ಒಟ್ಟಿಗೆ ಕಳೆದ ಯಾವ ದಿನವನ್ನು ನೆನೆದರೂ ಅದೇ ಆ ದಿನ ಇರಬಹುದು ಅನ್ನಿಸುತ್ತಿದೆ.